ಪ್ರಾಣಾಪಾಯದಿಂದ ಪಾರಾದ ಮೇಲೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಆಗಾಗ ಬರುತ್ತದೆ. ಬೈಕ್ ಸ್ಕಿಡ್ ಆಯಿತು, ಸವಾರನ ತಲೆಗೆ ಪೆಟ್ಟಾಯಿತು, ಆಸ್ಪತ್ರೆಗೆ ಸೇರಿಸಲಾಗಿದೆ, 'ಪ್ರಾಣಾಪಾಯದಿಂದ ಪಾರಾಗಿದ್ದಾರೆ'. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ನಾನು ಹಾಗೆ ಪಾರಾದವನು. ಆ ಸಾಲಿನ ಮುಂದೆ ಏನಾಗುತ್ತದೆ ಅಂತ ತಿಳಿಸೋಣ ಅಂದುಕೊಂಡು ಈ ಪತ್ರ.

ಬರೆಯಲು ಹನ್ನೊಂದು ದಿನ ಹಿಡಿಯಿತು. ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೂತರೆ ತಲೆ ಭಾರವಾಗುತ್ತದೆ. ನಿನ್ನೆ ಬರೆದದ್ದನ್ನು ಇವತ್ತು ಓದಿಕೊಂಡೇ ಮುಂದೆ ಹೋಗಬೇಕು. ಒಂದೆಲಗದ ವಿಷಯ ಎರಡು ಕಡೆ ಬರೆದಿದ್ದೆನಂತೆ. ಹೆಂಡತಿ ಒಂದನ್ನು ಹೊಡೆದು ಹಾಕಿದ್ದಾಳೆ. ಇನ್ನೂ ಎಲ್ಲಾದರೂ ಹಾಗೆ ಉಳಿದಿದ್ದರೆ ನೀವೇ ತೆಗೆದುಬಿಡಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಡಾಕ್ ಸೇವಕ. ಊರವರ ಬಾಯಲ್ಲಿ ಪೋಸ್ಟಣ್ಣ. ಮಲೆನಾಡಿನ ಊರು ಗೊತ್ತಲ್ಲ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ದಿಬ್ಬ, ಹಳ್ಳ ದಾಟಲು ಒಂದು ಸಂಕ. ನನ್ನ ಪಾಲಿಗೆ 64 ಮನೆ. 1999ರಿಂದ ಅದೇ ದಾರಿ.

2022ರ ಆಗಸ್ಟ್. ಮಳೆ ಸ್ವಲ್ಪ ಹೊಳವಾಗಿತ್ತು, ರಸ್ತೆಯ ಮೇಲೆ ಪಾಚಿ. ಮೊಪೆಡ್ ಜಾರಿತು, ತಲೆ ಮೋರಿಕಟ್ಟೆಗೆ ಬಡಿಯಿತು. ಹೆಲ್ಮೆಟ್ ಇತ್ತು. ಹ್ಯಾಂಡಲ್ಲಿಗೆ ನೇತುಹಾಕಿದ್ದೆ. ಇದೆಲ್ಲ ಬೇರೆಯವರು ಹೇಳಿದ್ದು, ನನಗೆ ಆ ದಿನವೂ ನೆನಪಿಲ್ಲ, ಆಮೇಲಿನ ಮೂರು ವಾರವೂ ನೆನಪಿಲ್ಲ. ಆ ವರ್ಷ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರ ಲೆಕ್ಕ ಎಲ್ಲರೂ ಬರೆಯುತ್ತಾರೆ. ಅದೇ ವರದಿಯಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡವರ ಲೆಕ್ಕವೂ ಇದೆ: 4,43,366. ಕೊನೆಯ ಆ ಆರು ನಾನು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿರುತ್ತೇನೆ. ಹೆಂಡತಿಗೆ ನಗು ಬರುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ 'ಜಿಸಿಎಸ್ 9' ಅಂತ ಬರೆದಿತ್ತು. ಅದು ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ಪೆಟ್ಟಾದವರಿಗೆ ಪ್ರಜ್ಞೆ ಎಷ್ಟಿದೆ ಅಂತ ತಿಳಿಯಲು 1974ರಲ್ಲಿ ಮಾಡಿದ ಅಳತೆಯಂತೆ. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದರೆ ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13 ಅಥವಾ ಮೇಲಿದ್ದರೆ ಸಣ್ಣ ಪೆಟ್ಟು, 8 ಅಥವಾ ಕೆಳಗಿದ್ದರೆ ಗಂಭೀರ. ನನ್ನದು ನಡುವಿನದ್ದು, ಕೆಳಗಿನ ಮೆಟ್ಟಿಲಿಗೆ ಒಂದೇ ಅಂಕ ಬಾಕಿ. ಆಪರೇಷನ್ ಬೇಕಾಗಲಿಲ್ಲ. ಹತ್ತೊಂಬತ್ತನೇ ದಿನ ಮನೆಗೆ ಕಳಿಸಿದರು. ಫಿಟ್ಸ್ ಬರದ ಹಾಗೆ ಮಾತ್ರೆ, ತಿಂಗಳ ನಂತರ ಬನ್ನಿ, ರೆಸ್ಟ್ ಮಾಡಿ. ಅಷ್ಟೇ. ಜೀವ ಉಳಿಸಿದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ 'ರೆಸ್ಟ್' ಅನ್ನುವ ಒಂದು ಪದ ನನ್ನ ಐದು ತಿಂಗಳು ತಿಂದಿತು.

ಮನೆಯವರು ಅದನ್ನು ಅಕ್ಷರಶಃ ಪಾಲಿಸಿದರು. ಏಳಬೇಡಿ, ಓದಬೇಡಿ, ಯೋಚನೆ ಮಾಡಬೇಡಿ. ಜಗಲಿಯಲ್ಲಿ ಒಂದು ಕುರ್ಚಿ, ನಾನು ಅದರಲ್ಲಿ. ಬಂದವರೆಲ್ಲ ಬಾದಾಮಿ ತಂದರು. ಅಮ್ಮ ದಿನಾ ಒಂದೆಲಗದ ತಂಬುಳಿ ಮಾಡಿದರು. ತಂಬುಳಿ ಊಟಕ್ಕೆ ಬಹಳ ಒಳ್ಳೆಯದು, ಈಗಲೂ ಬಿಟ್ಟಿಲ್ಲ. ನೆನಪು ಮಾತ್ರ ಅದರಿಂದ ಬರಲಿಲ್ಲ. ಯಾರೋ ಒಂದು ಟಾನಿಕ್ ಮಾರಿ ಮೂರು ಸಾವಿರ ತೆಗೆದುಕೊಂಡು ಹೋದರು.

ನೆನಪು ಹೋಗುವುದು ಅಂದರೆ ನಮ್ಮ ಜನಕ್ಕೆ ಸಿನಿಮಾದ ಹಾಗೆ. ತಲೆಗೆ ಏಟು ಬಿದ್ದರೆ ಹೆಂಡತಿ ಮಕ್ಕಳ ಹೆಸರು ಮರೆತು, ಇನ್ನೊಂದು ಏಟು ಬಿದ್ದಾಗ ಎಲ್ಲ ವಾಪಸ್. 'ಇನ್ನೊಂದು ಸಲ ಬಿದ್ದರೆ ಸರಿಯಾಗುತ್ತೇನೋ' ಅಂತ ಒಬ್ಬರು ನನ್ನ ಎದುರಿಗೇ ಹೇಳಿದರು. ನಿಜದಲ್ಲಿ ಇದು ಉಲ್ಟಾ. ನನಗೆ 64 ಮನೆಯ ಹೆಸರೂ ನೆನಪಿತ್ತು. ಯಾವ ಮನೆಗೆ ಯಾವ ಊರಿನಿಂದ ಮನಿಯಾರ್ಡರ್ ಬರುತ್ತಿತ್ತು, ಯಾವ ನಾಯಿ ಕಚ್ಚುತ್ತದೆ, ಯಾವುದು ಸುಮ್ನೆ ಬೊಗಳುತ್ತದೆ, ಎಲ್ಲ ಗೊತ್ತು. ಬೆಳಿಗ್ಗೆ ಮನೆಗೆ ಯಾರು ಬಂದಿದ್ದರು ಅಂತ ಗೊತ್ತಿಲ್ಲ. 'ತಿಂಡಿ ಆಯ್ತಾ?' ಅಂತ ಕೇಳಿದರೆ ತಟ್ಟೆ ಎಲ್ಲಿದೆ ಅಂತ ನೋಡಬೇಕಿತ್ತು. ಒಂದೇ ಪ್ರಶ್ನೆ ಏಳು ಸಲ ಕೇಳುತ್ತಿದ್ದೆನಂತೆ. ಎಂಟನೇ ಸಲ ಮಗ ರೇಗಿದರೆ, ಮೊದಲ ಸಲ ಕೇಳಿದ್ದಕ್ಕೇ ಯಾಕೆ ರೇಗುತ್ತಾನೆ ಅಂತ ನನಗೆ ಸಿಟ್ಟು. ವಾಸನೆಯೂ ಹೋಗಿತ್ತು. ಅಡಿಕೆ ಬೇಯಿಸುವ ಕಾಲ, ಇಡೀ ಊರು ಚೊಗರಿನ ವಾಸನೆ, ನನಗೆ ಏನೂ ಇಲ್ಲ. ವಾಸನೆಯ ನರಗಳು ಮೂಗಿನ ಮೇಲೆ ಜರಡಿಯಂಥ ಮೂಳೆಯ ತೂತುಗಳಿಂದ ಇಳಿಯುತ್ತವೆ, ಮೆದುಳು ಅಲುಗಿದಾಗ ಅವು ಕತ್ತರಿಸಿ ಹೋಗುತ್ತವೆ ಅಂತ ಆಮೇಲೆ ತಿಳಿಯಿತು. ಅದು ಇವತ್ತಿಗೂ ಬಂದಿಲ್ಲ.

ಅಕ್ಕನ ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಸಂಕ್ರಾಂತಿಗೆ ಬಂದವಳು ಎರಡು ದಿನ ನನ್ನನ್ನು ನೋಡಿದಳು. 'ಮಾವ, ನಿಮಗೆ ಬೇಕಾಗಿರೋದು ರೆಸ್ಟ್ ಅಲ್ಲ' ಅಂದಳು. ರಾತ್ರಿ ಬಸ್ಸಿನಲ್ಲಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು.

ಅಲ್ಲಿ ಒಬ್ಬ ಮೇಡಂ ಹದಿನೈದು ಪದ ಓದಿದರು, ವಾಪಸ್ ಹೇಳಿ ಅಂದರು. ಮೊದಲ ಸಲ ನಾಲ್ಕು ಹೇಳಿದೆ. ಅದೇ ಪಟ್ಟಿ ಐದು ಸಲ ಓದಿದರು. ಐದನೇ ಸಲ ಏಳು. ಆಮೇಲೆ ಅರ್ಧ ಗಂಟೆ ಬೇರೆ ಏನೇನೋ ಮಾಡಿಸಿದರು. 'ಈಗ ಆ ಪಟ್ಟಿಯ ಪದ ಹೇಳಿ' ಅಂದರು. 'ಯಾವ ಪಟ್ಟಿ ಮೇಡಂ?' ಅಂದೆ. ಹೆಂಡತಿ ಪಕ್ಕದಲ್ಲಿ ಅತ್ತಳು. ನನಗೆ ಯಾಕೆ ಅಂತ ಅರ್ಥವಾಗಲಿಲ್ಲ.

ಇಂಥ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಹೊಂದಿಸಿ, ವಯಸ್ಸಿಗೆ ಒಂದು, ಓದಿಗೆ ಒಂದು ಅಂತ ಬೇರೆ ಬೇರೆ ಅಳತೆ ಇಟ್ಟು 2004ರಲ್ಲಿ ನಿಮ್ಹಾನ್ಸ್‌ನವರೇ ಒಂದು ಕಟ್ಟು ಸಿದ್ಧ ಮಾಡಿದ್ದಾರೆ. ಎಸೆಸೆಲ್ಸಿ ಓದಿದ ನನ್ನನ್ನು ಇಂಗ್ಲೆಂಡಿನವರ ಜೊತೆ ಹೋಲಿಸಿ ಫೇಲ್ ಮಾಡುವುದಿಲ್ಲ ಅಂತ ಅರ್ಥ. ಮೆದುಳು ತಲೆಬುರುಡೆಯೊಳಗೆ, ಒಣಗಿದ ಕಾಯಿಯೊಳಗೆ ಕೊಬ್ಬರಿ ಅಲ್ಲಾಡುತ್ತದಲ್ಲ, ಹಾಗೆ ಅಲ್ಲಾಡಿ ಹಣೆಯ ಹಿಂದೆ ಮತ್ತು ಕಿವಿಯ ಹತ್ತಿರ ತರಚಿಕೊಂಡಿದೆ ಅಂದರು. ಹೊಸ ನೆನಪು ಕೂರುವ ಜಾಗ, ಹಿಪೊಕ್ಯಾಂಪಸ್, ಇರುವುದು ಅಲ್ಲೇ ಕಿವಿಯ ಒಳಬದಿಗೆ.

ಆಮೇಲೆ ಮನೆಪಾಠ ಕೊಟ್ಟರು. ಮೊದಲನೆಯದು ಕಾಳು ಬೇರ್ಪಡಿಸುವುದು. ಒಂದು ತಟ್ಟೆಯಲ್ಲಿ ಹೆಸರು, ಹುರುಳಿ, ಅಲಸಂದೆ ಬೆರೆಸಿ, ಗಡಿಯಾರ ಇಟ್ಟುಕೊಂಡು ಬೇರೆ ಮಾಡಬೇಕು. ಎಷ್ಟು ನಿಮಿಷ, ಎಷ್ಟು ತಪ್ಪು, ದಿನಾ ಬರೆಯಬೇಕು. 'ಇದನ್ನು ಕಲಿಯೋಕೆ ಬೆಂಗಳೂರಿಗೆ ಹೋಗ್ಬೇಕಿತ್ತೇನ್ರೀ?' ಅಂತ ಹೆಂಡತಿ ಆ ಐದು ತಿಂಗಳಲ್ಲಿ ಮೊದಲ ಸಲ ನಕ್ಕಳು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ದಿನದ ಲೆಕ್ಕ ಇದೆ: 21 ನಿಮಿಷ, 17 ತಪ್ಪು. ಎರಡು ತಿಂಗಳ ನಂತರ 9 ನಿಮಿಷ, 2 ತಪ್ಪು. ಇದು ನೆನಪಿನ ಪಾಠವಲ್ಲ, ಗಮನದ ಪಾಠ. ಗಮನ ನಿಲ್ಲದಿದ್ದರೆ ನೆನಪು ಒಳಗೇ ಹೋಗುವುದಿಲ್ಲವಂತೆ.

ಎರಡನೆಯದರಲ್ಲಿ ನೀವೂ ಪಾಲುದಾರರು. ಪತ್ರಿಕೆಯ ಒಂದು ಕಾಲಂ ತೆಗೆದುಕೊಂಡು 'ರ' ಅಕ್ಷರಕ್ಕೆಲ್ಲ ಗೀಟು ಹಾಕುವುದು. ನಿಮ್ಮ ಸಂಪಾದಕೀಯದಲ್ಲಿ 'ರ' ಎಷ್ಟಿರುತ್ತದೆ ಅಂತ ನನ್ನಷ್ಟು ನಿಮಗೂ ಗೊತ್ತಿರಲಿಕ್ಕಿಲ್ಲ. ಸಂಪಾದಕೀಯದಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ.

ಮೂರನೆಯದು ನಡಿಗೆ. ಇದನ್ನು ಹೇಳಿದ್ದು ಫಿಸಿಯೋಥೆರಪಿಯವರು. ದಿನಾ ಅರ್ಧ ಗಂಟೆ, ಮಾತಾಡಬಹುದು ಆದರೆ ಹಾಡಲು ಆಗಬಾರದು, ಅಷ್ಟು ಜೋರು. ತಲೆನೋವಿಗೆ ಹತ್ತರಲ್ಲಿ ಒಂದು ಅಂಕ ಕೊಟ್ಟುಕೊಳ್ಳಬೇಕು. ಹೊರಡುವಾಗ ಇದ್ದದ್ದಕ್ಕಿಂತ ಎರಡು ಅಂಕಕ್ಕಿಂತ ಜಾಸ್ತಿ ಏರಿದರೆ ಅಲ್ಲೇ ನಿಲ್ಲಬೇಕು. ನಡಿಗೆಗೂ ನೆನಪಿಗೂ ಏನು ಸಂಬಂಧ ಅಂತ ನಾನು ಕೇಳಿದ್ದಕ್ಕೆ ಅಕ್ಕನ ಮಗಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ 120 ಜನ ವಯಸ್ಸಾದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ನಡಿಗೆ, ಇನ್ನೊಂದಕ್ಕೆ ಬರೀ ಮೈ ಚಾಚುವ ವ್ಯಾಯಾಮ ಕೊಟ್ಟರು. ವರ್ಷದ ನಂತರ ಸ್ಕ್ಯಾನ್ ಮಾಡಿದರೆ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ದೊಡ್ಡದಾಗಿತ್ತು, ಇನ್ನೊಂದು ಗುಂಪಿನವರದ್ದು ಕುಗ್ಗಿತ್ತು. ಇದು 2011ರ ವರದಿ. ಅವರ್ಯಾರಿಗೂ ನನ್ನ ಹಾಗೆ ತಲೆಗೆ ಪೆಟ್ಟು ಬಿದ್ದಿರಲಿಲ್ಲ, ಅದನ್ನೂ ಅವಳೇ ಬರೆದಿದ್ದಾಳೆ. 2019ರಲ್ಲಿ ಬಫಲೋ ನಗರದವರು ಆಟದಲ್ಲಿ ತಲೆಗೆ ಸಣ್ಣ ಪೆಟ್ಟು ಬಿದ್ದ 103 ಹುಡುಗ ಹುಡುಗಿಯರನ್ನು ನೋಡಿದರು. ಮೊದಲ ವಾರದಲ್ಲೇ ಹದವಾಗಿ ವ್ಯಾಯಾಮ ಶುರು ಮಾಡಿದವರು 13 ದಿನಕ್ಕೆ ಸುಧಾರಿಸಿದರೆ, ಬರೀ ಮೈ ಚಾಚಿದವರಿಗೆ 17 ದಿನ ಬೇಕಾಯಿತು.

ಆದರೆ ಇದನ್ನು ಓದಿ ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಯಾರೂ ಓಡಬಾರದು. ಲಾಸ್ ಏಂಜಲೀಸ್‌ನಲ್ಲಿ ಇಲಿಗಳ ಮೇಲೆ 2004ರಲ್ಲಿ ಮಾಡಿದ ಪ್ರಯೋಗ ಒಂದಿದೆ. ತಲೆಗೆ ಪೆಟ್ಟಾದ ಕೂಡಲೇ ಚಕ್ರದ ಮೇಲೆ ಓಡಿದ ಇಲಿಗಳಿಗೆ ಲಾಭವಾಗಲಿಲ್ಲ, ಕಲಿಕೆ ಇನ್ನೂ ಹಿಂದೆ ಬಿತ್ತು. ಎರಡು ವಾರ ಬಿಟ್ಟು ಓಡಿದವುಗಳ ಮೆದುಳಿನಲ್ಲಿ ಬಿಡಿಎನ್ಎಫ್ ಅನ್ನುವ ಒಂದು ಪ್ರೋಟೀನು ಹೆಚ್ಚಾಯಿತು, ಅವು ಚೆನ್ನಾಗಿ ಕಲಿತವು. ಅದು ನರಕೋಶಗಳಿಗೆ ಗೊಬ್ಬರ ಇದ್ದ ಹಾಗೆ. ಗೊಬ್ಬರಕ್ಕೂ ಹೊತ್ತು ಗೊತ್ತು ಇದೆ ಅಂತ ತೋಟ ಮಾಡುವವರಿಗೆ ಹೇಳಬೇಕಾ? ಯಾವಾಗ ಶುರು, ಎಷ್ಟು ಶುರು ಅಂತ ಡಾಕ್ಟರ್ ಹೇಳಬೇಕು. ನನ್ನ ದೂರು ಇಷ್ಟೇ, ನನಗೆ ಅದನ್ನು ಐದು ತಿಂಗಳು ಯಾರೂ ಹೇಳಲಿಲ್ಲ.

ಎಲ್ಲಿ ನಡೆಯುವುದು? ಸುಮ್ನೆ ರಸ್ತೆಯಲ್ಲಿ ನಡೆಯಲು ನನಗೆ ಬೇಜಾರು. 'ನಿಮ್ಮ ಪೋಸ್ಟಿನ ದಾರಿಯಲ್ಲೇ ನಡೀರಿ' ಅಂತ ಹೆಂಡತಿ ಅಂದಳು. ಅಲ್ಲಿಂದ ನನ್ನ ನಿಜವಾದ ಚಿಕಿತ್ಸೆ ಶುರುವಾಯಿತು.

ಮೊದಲು ಆರು ಮನೆ. ನಾನು ಮುಂದೆ, ಅವಳು ಹಿಂದೆ, ಕಾಗದ ಪತ್ರ ಏನೂ ಇಲ್ಲ. ಪ್ರತಿ ಮನೆಯ ಅಂಗಳದಲ್ಲಿ ಒಂದು ವಿಷಯ ತಿಳಿದುಕೊಂಡು ಬರಬೇಕು. ಇಲ್ಲಿ ದನ ಕರು ಹಾಕಿದೆ, ಇಲ್ಲಿ ಮಗಳು ಬಂದಿದ್ದಾಳೆ, ಇಲ್ಲಿ ಪಂಪ್ ಕೆಟ್ಟಿದೆ. ಹಳ್ಳದ ಸಂಕ ದಾಟಿ ನಿಂತು ಆರನ್ನೂ ಹೇಳಬೇಕು. ದಾರಿ ನಾನು ಒಂದು ದಿನವೂ ತಪ್ಪಲಿಲ್ಲ, ಕಾಲಿಗೆ ಅದು ಗೊತ್ತಿತ್ತು. ಆದರೆ ಕವಲು ದಾರಿಯಲ್ಲಿ ನಿಂತಾಗ ಮೇಲಿನ ಮನೆಗೆ ಹೋಗಿ ಬಂದೆನಾ, ಇನ್ನು ಹೋಗಬೇಕಾ ಅಂತ ತಿಳಿಯುತ್ತಿರಲಿಲ್ಲ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಎಡ ಜೇಬಿನಲ್ಲಿ ಮನೆಗೊಂದರಂತೆ ಒಣ ಅಡಿಕೆ. ಮನೆ ಮುಗಿದ ಕೂಡಲೇ ಒಂದು ಬಲ ಜೇಬಿಗೆ. ಕೊನೆಗೆ ಎಡ ಜೇಬಿನಲ್ಲಿ ಉಳಿದರೆ ಯಾವುದೋ ಮನೆ ಬಿಟ್ಟಿದೆ. ಒಂದು ದಿನ ಅಭ್ಯಾಸಬಲದಿಂದ ಒಂದನ್ನು ಬಾಯಿಗೆ ಹಾಕಿಕೊಂಡೆ. ಬಲ ಜೇಬಿನಲ್ಲಿ ಒಂದು ಕಡಿಮೆ. ಅರ್ಧ ಗಂಟೆ ಇಬ್ಬರೂ ಇಲ್ಲದ ಮನೆ ಹುಡುಕಿದೆವು.

ನಿಮ್ಹಾನ್ಸ್‌ಗೆ ಮತ್ತೆ ಹೋದಾಗ ಅಡಿಕೆಯ ಕತೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ಅವರು ಬರೆದುಕೊಂಡರು. ನೆನಪನ್ನು ಹೊರಗೆ ಇಟ್ಟುಕೊಳ್ಳುವುದು ಸೋಲಲ್ಲ, ಅದೇ ಎಲ್ಲಕ್ಕಿಂತ ಗಟ್ಟಿ ಉಪಾಯ ಅಂದರು. ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಅನ್ನುವವರು ಮತ್ತು ಅವರ ಜೊತೆಯವರು 143 ಜನಕ್ಕೆ ಪೇಜರ್ ಕೊಟ್ಟು ನೋಡಿದ್ದರಂತೆ. ಸೊಂಟದಲ್ಲಿ ಕುಯ್‌ ಅಂದು 'ಈಗ ಮಾತ್ರೆ ತಗೊಳ್ಳಿ' ಅಂತ ತೋರಿಸುವುದು. ಕೊನೆಯವರೆಗೆ ಉಳಿದವರಲ್ಲಿ ಶೇ 80ಕ್ಕಿಂತ ಜಾಸ್ತಿ ಜನರಿಗೆ ದಿನದ ಕೆಲಸ ಮೊದಲಿಗಿಂತ ಚೆನ್ನಾಗಿ ಆಯಿತು. ಅದು 2001ರ ವರದಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅಲಾರಂ ಪುಕ್ಕಟೆ. ಅದನ್ನು ಬಿಟ್ಟು ಮೆದುಳಿನ ಆಟದ ಆ್ಯಪ್‌ಗೆ ದುಡ್ಡು ಕಟ್ಟುವವರನ್ನು ನೋಡಿದ್ದೇನೆ. ಮಗ ನನಗೂ ಒಂದು ಹಾಕಿಕೊಟ್ಟಿದ್ದ. ಆಟದಲ್ಲಿ ಜಾಣನಾದೆ, ಹಾಲಿನ ಪಾತ್ರೆ ಮಾತ್ರ ಉಕ್ಕುತ್ತಲೇ ಇತ್ತು.

ಮನೆಯವರಿಗೆ ಒಂದು ವಿಷಯ ಹೇಳಲೇಬೇಕು. 'ನೆನಪು ಮಾಡ್ಕೊ, ನೆನಪು ಮಾಡ್ಕೊ' ಅಂತ ಒತ್ತಾಯ ಮಾಡಬೇಡಿ. ಒತ್ತಾಯಕ್ಕೆ ನಾವು ಏನೋ ಒಂದು ಊಹೆ ಹೇಳುತ್ತೇವೆ. ಆ ತಪ್ಪು ಉತ್ತರವೇ ತಲೆಯಲ್ಲಿ ಕೂತುಬಿಡುತ್ತದೆ, ಯಾಕೆಂದರೆ ಅದು ತಪ್ಪು ಅಂತ ಹೇಳಿದ್ದು ನೆನಪಿರುವುದಿಲ್ಲ. ಮೊದಲು ಸರಿ ಉತ್ತರ ಹೇಳಿಬಿಡಬೇಕು. ಒಂದು ನಿಮಿಷ ಬಿಟ್ಟು ಕೇಳಬೇಕು, ಆಮೇಲೆ ಎರಡು, ನಾಲ್ಕು, ಎಂಟು, ಹದಿನಾರು ನಿಮಿಷ. ತಪ್ಪಿದರೆ ಬೈಯದೆ ಮತ್ತೆ ಹೇಳಿಕೊಟ್ಟು ಹಿಂದಿನ ಅಂತರಕ್ಕೆ ಬರಬೇಕು. ನನ್ನ ಬದಲಿಗೆ ಕೆಲಸ ಮಾಡುತ್ತಿದ್ದ ಹುಡುಗನ ಹೆಸರು ಹೀಗೆ ನಾಲ್ಕು ದಿನದಲ್ಲಿ ಕಲಿತೆ. ಅದಕ್ಕೆ ಮೊದಲು ಐದು ತಿಂಗಳು ಅವನನ್ನು ಬೇರೆ ಯಾರದೋ ಹೆಸರಿನಲ್ಲಿ ಕರೆಯುತ್ತಿದ್ದೆ, ಪಾಪ, ಓಗೊಡುತ್ತಿದ್ದ.

ಆರು ಮನೆ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಮಳೆಗಾಲದಲ್ಲಿ ನಿಂತುಹೋಯಿತು, ಮತ್ತೆ ಎಂಟಕ್ಕೆ ಇಳಿಯಿತು. ಇಂಥ ಇಳಿತಗಳು ನೋಟ್‌ಬುಕ್ಕಿನಲ್ಲಿ ಬಹಳ ಇವೆ. 2023ರ ಅಕ್ಟೋಬರಿನಲ್ಲಿ ಕೆಲಸಕ್ಕೆ ಹೋದೆ. ದುಡ್ಡಿನ ವಿಷಯ ಇವತ್ತಿಗೂ ನಮ್ಮ ಪೋಸ್ಟ್‌ಮಾಸ್ಟರ್ ಅಮ್ಮನ ಎದುರಿಗೆ ಎರಡು ಸಲ ಎಣಿಸಿ, ಚೀಟಿ ಬರೆಸಿಕೊಂಡೇ ಹೊರಡುತ್ತೇನೆ. ಮಧ್ಯಾಹ್ನ ಮಲಗಲೇಬೇಕು. ಮದುವೆ ಮನೆಯ ಗದ್ದಲ ಆಗುವುದಿಲ್ಲ. ಪೂರ್ತಿ ಸರಿಯಾಗಿದ್ದೇನೆ ಅಂತ ಹೇಳಲಾರೆ. ಕಳೆದ ಸಲ ಆ ಹದಿನೈದು ಪದದಲ್ಲಿ ಅರ್ಧ ಗಂಟೆಯ ನಂತರ ಆರು ಹೇಳಿದೆ. ಅದು ನಡಿಗೆಯಿಂದ ಬಂತೋ, ಕಾಳಿನಿಂದಲೋ, ಕಾಲ ಕಳೆದದ್ದರಿಂದಲೋ ಅಂತ ಬಿಡಿಸಿ ಹೇಳಲು ಮೇಡಂ ಒಪ್ಪಲಿಲ್ಲ. ಪ್ರಾಮಾಣಿಕರು.

ಈಗ ನನ್ನ ಕೋರಿಕೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬಂತು. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆಗುಳಿತನದವರನ್ನು ಅಲ್ಲಿ ನೋಡುತ್ತಾರೆ. ಅದೇ ಕೋಣೆಯಲ್ಲಿ ವಾರಕ್ಕೆ ಒಂದು ಬೆಳಿಗ್ಗೆ ತಲೆಗೆ ಪೆಟ್ಟಾದವರಿಗೆ ಕೊಡಲಿ. ದೊಡ್ಡ ಯಂತ್ರ ಬೇಡ. ಒಂದು ತಟ್ಟೆ ಕಾಳು, ಹಳೆಯ ಪತ್ರಿಕೆ, ಒಂದು ಗಡಿಯಾರ, ಎದುರಿಗೆ ಕೂತು ತಾಳ್ಮೆಯಿಂದ ಲೆಕ್ಕ ಬರೆಯುವ ಒಬ್ಬರು. ರಾತ್ರಿ ಬಸ್ಸಿಗೆ ದುಡ್ಡು ಹೊಂದಿಸಲು ಆಗದವರು, ಬೆಂಗಳೂರಿನಲ್ಲಿ ಅಕ್ಕನ ಮಗಳು ಇಲ್ಲದವರು ಎಷ್ಟು ಜನರಿಲ್ಲ? ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ ಕೊಟ್ಟರೂ ಸಾಕು. ಯಾವಾಗಿಂದ ನಡೆಯಬೇಕು, ಯಾವಾಗ ನಿಲ್ಲಬೇಕು, ಸಿಟ್ಟು ಯಾಕೆ ಬರುತ್ತದೆ, ಒಂದೇ ಪ್ರಶ್ನೆ ಏಳು ಸಲ ಕೇಳಿದರೆ ಮನೆಯವರು ಏನು ಮಾಡಬೇಕು.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಹೆಸರಿದೆ. ತಲೆಯ ಪೆಟ್ಟು ಅಂತ ಬೇರೆ ಹೆಸರು ಅದರಲ್ಲಿಲ್ಲ. ಕೈಕಾಲು ಸರಿ ಇದ್ದು ನೆನಪು ಮಾತ್ರ ಹೋದವನು ಯಾವ ಸಾಲಿನಲ್ಲಿ ನಿಲ್ಲಬೇಕು? 'ನೋಡೋಕೆ ಚೆನ್ನಾಗೇ ಇದ್ದೀರಲ್ಲ' ಅಂತ ಕೌಂಟರಿನಲ್ಲಿ ಕೇಳಿಸಿಕೊಂಡಿದ್ದೇನೆ. ಇದನ್ನು ಬಲ್ಲವರು ಯಾರಾದರೂ ನಿಮ್ಮ ಪತ್ರಿಕೆಯಲ್ಲಿ ಬರೆದರೆ ಉಪಕಾರ.

ನಿಮ್ಮಲ್ಲಿ ಕೇಳುವುದು ಒಂದೇ. 'ಪ್ರಾಣಾಪಾಯದಿಂದ ಪಾರು' ಅಂತ ಬರೆದ ಒಬ್ಬರ ಮನೆಗೆ ಆರು ತಿಂಗಳ ನಂತರ ನಿಮ್ಮ ವರದಿಗಾರರನ್ನು ಕಳಿಸಿ. ಜಗಲಿಯಲ್ಲಿ ಕುರ್ಚಿ ಇರುತ್ತದೆ, ಅದರಲ್ಲಿ ಯಾರಾದರೂ ಕೂತಿರುತ್ತಾರೆ. ಬಾದಾಮಿ ಬೇಡ. ಅವರನ್ನು ಎಬ್ಬಿಸಿ, ಡಾಕ್ಟರ್ ಬೇಡ ಅಂದಿಲ್ಲದಿದ್ದರೆ, ರಸ್ತೆಯವರೆಗೆ ಜೊತೆಗೆ ನಡೆದು ಬರಲಿ. ಬಂದ ಮೇಲೆ ಆ ಮಾತುಕತೆಯನ್ನು ಬರೆಯಲಿ.

ಹೆಸರು ಹಾಕಬೇಡಿ. ಇಲ್ಲಿ ಎಲ್ಲರಿಗೂ ಹೇಗೂ ಗೊತ್ತಾಗುತ್ತದೆ.

— ಒಬ್ಬ ಗ್ರಾಮೀಣ ಡಾಕ್ ಸೇವಕ, ತೀರ್ಥಹಳ್ಳಿ ತಾಲ್ಲೂಕು